ಎಲ್ಲಾ ಮಿಷನ್ನೇ ಹೇಳುತ್ತಂತೆ

ಬಳ್ಳಾರಿಯ ನಮ್ಮ ಗ್ಯಾರೇಜಿಗೆ ಹೊಸಬರು ಯಾರೇ ಬರಲಿ, ನನ್ನನ್ನು ಕೇಳುವ ಮೊದಲ ಮಾತು ಒಂದೇ. "ಮೇಸ್ತ್ರಿ ಇಲ್ಲೇನಮ್ಮಾ?" ನಾನು ಬಾನೆಟ್ ಕೆಳಗೆ ತಲೆ ಹಾಕಿರುತ್ತೇನೆ, ಮೊಣಕೈವರೆಗೆ ಗ್ರೀಸ್ ಮೆತ್ತಿರುತ್ತದೆ, ಆದರೂ ಕೇಳುತ್ತಾರೆ. ಮೊದಮೊದಲು ಸಿಟ್ಟು ಬರುತ್ತಿತ್ತು. ಈಗ "ಏನಾಗಿದೆ ಗಾಡಿಗೆ, ಹೇಳಿ" ಅಂತ ಶುರು ಮಾಡಿಬಿಡುತ್ತೇನೆ. ಗಾಡಿ ಕೆಟ್ಟು ನಿಂತವರಿಗೆ ಜಾಸ್ತಿ ಹೊತ್ತು ಅನುಮಾನ ಪಡೋಕೆ ಪುರುಸೊತ್ತು ಇರುವುದಿಲ್ಲ.

ನಾನು ಐಟಿಐನಲ್ಲಿ ಎರಡು ವರ್ಷದ ಮೋಟಾರ್ ಮೆಕ್ಯಾನಿಕ್ ಟ್ರೇಡ್ ಮಾಡಿದವಳು. ಕ್ಲಾಸಿನಲ್ಲಿ ಹುಡುಗಿ ನಾನೊಬ್ಬಳೇ. ಅವ್ವನಿಗೆ ಕಂಪ್ಯೂಟರ್ ಟ್ರೇಡಿಗೆ ಸೇರಿಸುವ ಆಸೆ ಇತ್ತು, ಫ್ಯಾನ್ ಕೆಳಗೆ ಕೂತು ಮಾಡುವ ಕೆಲಸ ಅಂತ. ಕೋರ್ಸ್ ಮುಗಿದ ಮೇಲೆ ಒಂದು ಸರ್ವೀಸ್ ಸೆಂಟರಿನವರು ಮೆಕ್ಯಾನಿಕ್ ಅಂತಲೇ ತಗೊಂಡರು. ಎರಡನೇ ದಿನ ಮುಂದಿನ ಟೇಬಲ್ಲಿಗೆ ಕೂರಿಸಿದರು. ಜಾಬ್ ಕಾರ್ಡ್ ಬರೆಯೋದು, ಫೋನ್ ಮಾಡಿ "ಸರ್, ನಿಮ್ಮ ಗಾಡಿ ರೆಡಿ ಇದೆ" ಅನ್ನೋದು. ಒಳಗೆ ಯಾವಾಗ ಕಳಿಸುತ್ತೀರಿ ಅಂತ ಕೇಳಿದರೆ "ನಿನ್ನ ದನಿ ಚೆನ್ನಾಗಿದೆಯಲ್ಲ, ಯಾಕೆ ಅಲ್ಲಿ ಹೋಗಿ ಮೈ ಕೊಳೆ ಮಾಡ್ಕೊತೀಯ?" ಅಂದರು. ಎಂಟು ತಿಂಗಳಲ್ಲಿ ಪಾನಾ ಹಿಡಿದದ್ದು ಎರಡೇ ಸಲ. ಅದರಲ್ಲಿ ಒಂದು ಸಲ ಟೇಬಲ್ಲಿನ ಕಾಲು ಅಲ್ಲಾಡುತ್ತಿತ್ತು ಅಂತ.

ಬಿಟ್ಟು ಬಂದು ಕೌಲ್ ಬಜಾರ್ ಕಡೆಯ ಒಬ್ಬ ಮೇಸ್ತ್ರಿ ಹತ್ತಿರ ಸೇರಿದೆ. ಅವರನ್ನು ಎಲ್ಲರೂ ಚಾಚಾ ಅಂತಾರೆ, ನಾನೂ ಹಾಗೇ ಅಂತೀನಿ. ಗಾಡಿ ಗೇಟಿನಲ್ಲಿ ತಿರುಗುವಾಗಲೇ ಯಾವ ಬೇರಿಂಗ್ ಹೋಗಿದೆ ಅಂತ ಹೇಳುವ ಕಿವಿ ಅವರದು. ನನ್ನನ್ನು ಸೇರಿಸಿಕೊಂಡಾಗ ದೊಡ್ಡ ಮಾತೇನೂ ಆಡಲಿಲ್ಲ. "ದುಪಟ್ಟಾ ಹಾಕ್ಕೊಂಡು ಫ್ಯಾನ್ ಬೆಲ್ಟ್ ಹತ್ರ ಬರಬ್ಯಾಡ. ಕೂದ್ಲಾ ಗಟ್ಟಿ ಕಟ್ಟು." ಅಷ್ಟೇ. ಟಾಯ್ಲೆಟ್ಟಿಗೆ ಪಕ್ಕದ ಮನೆಯ ಅಜ್ಜಿಯನ್ನು ಅವರೇ ಕೇಳಿಟ್ಟಿದ್ದರು. ಹುಡುಗಿಯರನ್ನು ಕೆಲಸಕ್ಕೆ ಯಾಕೆ ತಗೊಳ್ಳಲ್ಲ ಅಂತ ಕೇಳಿದರೆ ಗ್ಯಾರೇಜಿನವರು ನೂರು ಕಾರಣ ಹೇಳುತ್ತಾರೆ. ನನ್ನ ಲೆಕ್ಕದಲ್ಲಿ ಅರ್ಧ ಕಾರಣ ಈ ಟಾಯ್ಲೆಟ್ಟೇ.

ಆಗ ಕೇಳುತ್ತಿದ್ದ ಮಾತು ಬಲದ್ದು. "ನಟ್ ಬಿಚ್ಚೋಕೆ ಗಂಡಸರ ಕೈಯೇ ಬೇಕು." ಕಾರಿನ ಚಕ್ರದ ನಟ್ಟನ್ನು ಸುಮಾರು 100 ನ್ಯೂಟನ್ ಮೀಟರಿಗೆ (ತಿರುಚುವ ಬಲದ ಅಳತೆ ಅದು) ಬಿಗಿದಿರುತ್ತಾರೆ. ಒಂದಡಿ ಉದ್ದದ ಪಾನಾ ಹಾಕಿದರೆ ತುದಿಗೆ 33 ಕೆಜಿಯಷ್ಟು ಭಾರ ಬಿಡಬೇಕು. ಅದೇ ಪಾನಾಕ್ಕೆ ಪೈಪ್ ಸಿಕ್ಕಿಸಿ ಮೂರಡಿ ಮಾಡಿದರೆ 11 ಕೆಜಿ ಸಾಕು. ತುಕ್ಕು ಹಿಡಿದಿದ್ದರೆ ಇನ್ನೊಂದಿಷ್ಟು, ಅದಕ್ಕೆ ಎಣ್ಣೆ ಬಿಟ್ಟು ಒಂದು ಚಾ ಕುಡಿದು ಬಂದರಾಯಿತು. ನೀರಿನ ಕೊಡ ಎತ್ತುವ ಹೆಂಗಸರಿಗೆ 11 ಕೆಜಿ ಯಾವ ಲೆಕ್ಕ? ತೊಂದರೆ ಇದ್ದದ್ದು ಬಿಚ್ಚೋದರಲ್ಲಿ ಅಲ್ಲ, ಬಿಗಿಯೋದರಲ್ಲಿ. ನಮ್ಮ ಹುಡುಗರು ಪಾನಾದ ಮೇಲೆ ಹತ್ತಿ ನಿಂತು ಬಿಗಿಯುತ್ತಿದ್ದರು. ನಟ್ ಕೂರುವ ಸ್ಟಡ್ಡಿನ ಥ್ರೆಡ್ ತಿಂದು ಹೋಗುತ್ತಿತ್ತು. ನಾನು ಹಟ ಮಾಡಿ ಒಂದು ಟಾರ್ಕ್ ರೆಂಚ್ ತರಿಸಿದೆ. ಅಳತೆಗೆ ಬಂದ ಕೂಡಲೇ ಅದು 'ಕಟ್' ಅನ್ನುತ್ತದೆ, ಕೈ ನಿಲ್ಲಿಸಬೇಕು. ಅವರಿಗೆ ಅದು ಅವಮಾನದ ಹಾಗೆ ಕಾಣಿಸಿತು ಅಂತ ಕಾಣುತ್ತದೆ, ಬಹಳ ದಿನ ಮುಟ್ಟಲೇ ಇಲ್ಲ.

2020ರ ಏಪ್ರಿಲ್ 1ರಿಂದ ದೇಶದಲ್ಲೆಲ್ಲ ಹೊಸದಾಗಿ ಮಾರುವುದು ಬಿಎಸ್6 (ಹೊಗೆ ಕಮ್ಮಿ ಮಾಡುವ ಸರ್ಕಾರಿ ನಿಯಮ) ಗಾಡಿಗಳೇ ಅಂತಾಯಿತು. ಅಲ್ಲಿಂದ ನನ್ನ ದಿಕ್ಕು ಬದಲಾಯಿತು. ಹೊಸ ಡೀಸೆಲ್ ಗಾಡಿಗಳ ಹೊಗೆ ಪೈಪಿನಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ, ಡಿಪಿಎಫ್ ಅಂತ. ಮಸಿ ತುಂಬಿದರೆ ಸುಮಾರು 600 ಡಿಗ್ರಿ ಬಿಸಿಯಲ್ಲಿ ಅದನ್ನು ಸುಡಬೇಕು. ರಾಯಲ್ ಸರ್ಕಲ್ಲಿಂದ ಬಸ್ ಸ್ಟ್ಯಾಂಡಿಗೆ, ಬಸ್ ಸ್ಟ್ಯಾಂಡಿಂದ ಮನೆಗೆ ಅಂತ ಓಡಾಡುವ ಕಾರಿಗೆ ಅಷ್ಟು ಬಿಸಿ ಎಲ್ಲಿಂದ ಬರಬೇಕು? ಲೈಟ್ ಹತ್ತಿಕೊಳ್ಳುತ್ತದೆ, ಪಿಕಪ್ ಸಾಯುತ್ತದೆ. ಇದಕ್ಕೆ ಕಿವಿ ಸಾಲದು, ಸ್ಕ್ಯಾನರ್ ಬೇಕು, ಗಾಡಿಯ ಕಂಪ್ಯೂಟರಿಗೆ ಹಚ್ಚಿದರೆ ತೊಂದರೆಯ ಕೋಡ್ ತೋರಿಸುವ ಮಿಷನ್. ಚಾಚಾ ಸಾಲ ಮಾಡಿ ಸ್ಕ್ಯಾನರ್ ತಂದರು. ಅದರ ತುಂಬ ಇಂಗ್ಲಿಷ್. ಅವರು ನನ್ನ ಮುಂದೆ ಇಟ್ಟು "ನೀನೇ ನೋಡ್ಕೊ" ಅಂದರು. ಬಂದ ಒಂದೊಂದು ಕೋಡನ್ನೂ ಕನ್ನಡದಲ್ಲಿ ಬರೆದಿಟ್ಟುಕೊಂಡೆ. ಯಾವ ಗಾಡಿ, ಏನು ದೂರು, ಕೊನೆಗೆ ಏನು ಸಿಕ್ಕಿತು. ಈಗ ಮೂರನೇ ನೋಟ್‌ಬುಕ್ ನಡೆಯುತ್ತಿದೆ.

ಮಜಾ ಅಂದರೆ ಜನರ ಮಾತೂ ಬದಲಾಯಿತು. ನಿನ್ನೆವರೆಗೆ "ಇದು ಬಲದ ಕೆಲಸ, ಹೆಣ್ಣುಮಕ್ಕಳಿಗೆ ಆಗಲ್ಲ" ಅಂದವರೇ ಈಗ "ಇದೇನ್ ಬಿಡು, ಬಟನ್ ಒತ್ತೋ ಕೆಲಸ, ಹೆಣ್ಣುಮಕ್ಕಳಿಗೆ ಸರಿಯಾಗೈತೆ" ಅನ್ನತೊಡಗಿದರು. ಕೆಲಸ ಯಾವುದಾದರೂ ಇರಲಿ, ನಮ್ಮ ಪಾಲಿಗೆ ಬಂದದ್ದು ಸಸ್ತಾ ಆಗಿಬಿಡುತ್ತದೆ.

ಬಟನ್ ಒತ್ತಿದರೆ ಸಾಕು ಅಂತ ನಾನೂ ಒಂದು ಸಲ ನಂಬಿದ್ದೆ. ಸಿರುಗುಪ್ಪದಿಂದ ಒಂದು ಕಾರು ಬಂತು. ಇಂಜಿನ್ ಕಾದ ಮೇಲೆ ದಾರಿಯಲ್ಲಿ ಆಫ್ ಆಗುತ್ತದೆ, ಆರಿದರೆ ಮತ್ತೆ ಸ್ಟಾರ್ಟ್ ಆಗುತ್ತದೆ. ಸ್ಕ್ಯಾನರ್ ಹಚ್ಚಿದೆ, ಪಿ0335. ಇಂಜಿನ್ ತಿರುಗುವುದನ್ನು ಅಳೆಯುವ ಕ್ರ್ಯಾಂಕ್ ಸೆನ್ಸರಿನ ಸರ್ಕ್ಯೂಟಿನಲ್ಲಿ ತೊಂದರೆ ಅಂತ ತೋರಿಸಿತು. ಸೆನ್ಸರ್ ಬದಲಿಸಿ ಕಳಿಸಿದೆ. ಮೂರನೇ ದಿನ ತೆಕ್ಕಲಕೋಟೆ ಹತ್ತಿರ ನಿಂತಿದೆ ಅಂತ ಫೋನ್. ಚಾಚಾನ ಸ್ಕೂಟರಿನಲ್ಲಿ ಬಿಸಿಲಲ್ಲಿ ಹೋದೆ. ಈ ಸಲ ಕೋಡ್ ನೋಡಲಿಲ್ಲ, ವೈರ್ ಹಿಡಿದು ಬಂದೆ. ಒಂದು ಬ್ರ್ಯಾಕೆಟ್ಟಿನ ಅಂಚಿಗೆ ತಿಕ್ಕಿ ತಿಕ್ಕಿ ಮೇಲಿನ ಪ್ಲಾಸ್ಟಿಕ್ ಸವೆದಿತ್ತು. ಒಳಗಿನ ತಾಮ್ರ ಎಳ್ಳುಕಾಳಿನಷ್ಟು ಹೊಳೆಯುತ್ತಿತ್ತು. ಇಂಜಿನ್ ನಡುಗಿದಾಗ ಅದು ಗಾಡಿಯ ಲೋಹಕ್ಕೆ ತಾಗುತ್ತಿತ್ತು, ಅಷ್ಟೇ. ಟೇಪ್ ಸುತ್ತಿ ದೂರಕ್ಕೆ ಎಳೆದು ಕಟ್ಟಿದೆ. ಸೆನ್ಸರ್ ದುಡ್ಡು ನನ್ನ ಕೈಯಿಂದ ವಾಪಸ್ ಕೊಟ್ಟೆ.

ಅವತ್ತಿಂದ ಮಲ್ಟಿಮೀಟರ್ ಇಲ್ಲದೆ ಒಂದೂ ಸೆನ್ಸರ್ ಬದಲಿಸಿಲ್ಲ. ಮೂರು ವೈರಿನ ಸೆನ್ಸರ್ ಇದ್ದರೆ ಕಪ್ಲರ್ ಬಿಚ್ಚಿ, ಕೀ ಆನ್ ಮಾಡಿ, ಮೊದಲು ಕರೆಂಟ್ ಬರುತ್ತಿದೆಯಾ ನೋಡುತ್ತೇನೆ. ಬಹಳಷ್ಟು ಗಾಡಿಗಳಲ್ಲಿ 5 ವೋಲ್ಟ್ ಇರಬೇಕು. ಆಮೇಲೆ ಅರ್ಥ್ ಸರಿ ಇದೆಯಾ. ಆಮೇಲೆ ಮೀಟರ್ ಮೇಲೆ ಕಣ್ಣಿಟ್ಟು ವೈರನ್ನು ಉದ್ದಕ್ಕೂ ಅಲ್ಲಾಡಿಸುತ್ತೇನೆ. ಅಂಕಿ ಕುಣಿದರೆ ಕಳ್ಳ ಅಲ್ಲೇ ಇದ್ದಾನೆ ಅಂತ ಅರ್ಥ. ಮಿಷನ್ ಹೇಳೋದು "ಈ ಓಣಿಯಲ್ಲಿ ಏನೋ ಆಗಿದೆ" ಅಂತ. ಯಾವ ಮನೆ ಅಂತ ನಾವೇ ಬಾಗಿಲು ಬಡಿಯಬೇಕು.

ಎಷ್ಟೋ ದಿನದ ಮೇಲೆ ಬರ್ತಾ ಬೆಂಜ್ ಬಗ್ಗೆ ಓದಿದೆ. 1888ರ ಆಗಸ್ಟಿನಲ್ಲಿ ಗಂಡ ಕಾರ್ಲ್ ಬೆಂಜ್ ಮಾಡಿದ ಕಾರನ್ನು ಅವನಿಗೆ ಹೇಳದೆ ತೆಗೆದುಕೊಂಡು, ಇಬ್ಬರು ಗಂಡುಮಕ್ಕಳ ಜೊತೆ ಜರ್ಮನಿಯ ಮ್ಯಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ ನೂರು ಕಿಲೋಮೀಟರ್ ಮೇಲೆ ಹೋದಳಂತೆ. ದಾರಿಯಲ್ಲಿ ಪೆಟ್ರೋಲ್ ಪೈಪ್ ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಚುಚ್ಚಿ ಬಿಡಿಸಿದಳು. ವೈರಿಗೆ ಹೊದಿಕೆ ಬೇಕಾದಾಗ ಕಾಲುಚೀಲದ ಪಟ್ಟಿ ಸುತ್ತಿದಳು. ನನಗೆ ತೆಕ್ಕಲಕೋಟೆ ನೆನಪಾಯಿತು. ಅದೇ ರೋಗ, ಬೇರೆ ಟೇಪ್. ಚಾಚಾಗೆ ಹೇಳಿದೆ. "ಕಾಲುಚೀಲದ ಪಟ್ಟಿನಾ? ತಡೀತೈತೆ ಬಿಡು" ಅಂದರು.

ಹೋದ ಬೇಸಿಗೆ ಸಂಡೂರು ಕಡೆಯಿಂದ ಒಂದು ಡೀಸೆಲ್ ಜೀಪ್ ಬಂತು. ಘಾಟಿ ಏರುವಾಗ ಉಸಿರು ಕಟ್ಟಿದ ಹಾಗೆ ಮಾಡುತ್ತದೆ, ಲೈಟ್ ಹತ್ತಿದೆ. ಬೇರೆ ಗ್ಯಾರೇಜಿನಲ್ಲಿ ಟರ್ಬೊ (ಇಂಜಿನ್ನಿಗೆ ಗಾಳಿ ಒತ್ತಿ ತುಂಬುವ ಭಾಗ) ಹೋಗಿದೆ, ಹೊಸದು ಹಾಕಬೇಕು ಅಂದಿದ್ದರಂತೆ. ಸ್ಕ್ಯಾನರಿನಲ್ಲಿ ಪಿ0299. ಗಾಳಿಯ ಒತ್ತಡ ಕಮ್ಮಿ ಅಂತ ಅದರ ಅರ್ಥ. ಟರ್ಬೊ ಸತ್ತಿದೆ ಅಂತಲ್ಲ.

ನಾನು ಗಾಡಿ ಕೆಳಗೆ ಮಲಗಿದೆ. ಸಂಡೂರಿನ ಗಾಡಿಗಳ ಹೊಟ್ಟೆಯಲ್ಲೆಲ್ಲ ಅದಿರಿನ ಕೆಂಪು ಧೂಳು. ಆದರೆ ಎಲ್ಲ ಕಡೆ ಒಣ ಧೂಳಿದ್ದರೆ, ಟರ್ಬೊ ಗಾಳಿಯನ್ನು ತಣ್ಣಗೆ ಮಾಡುವ ಇಂಟರ್‌ಕೂಲರಿಗೆ ಹೋಗುವ ರಬ್ಬರ್ ಪೈಪಿನ ಅಡಿಯಲ್ಲಿ ಒಂದು ಕಡೆ ಮಾತ್ರ ಹಸಿ ಕುಂಕುಮ ಮೆತ್ತಿದ ಹಾಗಿತ್ತು. ಟರ್ಬೊದಿಂದ ಬರುವ ಗಾಳಿಯಲ್ಲಿ ತುಸು ಎಣ್ಣೆಯ ಪಸೆ ಇರುತ್ತದೆ. ಪೈಪ್ ಸೀಳಿದರೆ ಆ ಪಸೆ ಹೊರಗೆ ಬಂದು ಧೂಳನ್ನು ಹಿಡಿಯುತ್ತದೆ. ಬಟ್ಟೆಯಿಂದ ಒರೆಸಿ ಬೆರಳಿನಿಂದ ಅಗಲಿಸಿದೆ. ಎರಡು ಇಂಚಿನ ಸೀಳು. ಸುಮ್ನೆ ನೋಡಿದರೆ ಮುಚ್ಚಿಕೊಂಡಿರುತ್ತದೆ, ಒತ್ತಡ ಬಂದಾಗ ಬಾಯಿ ಬಿಡುತ್ತದೆ. ಘಾಟಿಯಲ್ಲಿ ಮಾತ್ರ ಯಾಕೆ ತೊಂದರೆ ಅಂತ ಆಗ ತಿಳಿಯಿತು.

ಪೈಪ್ ಬದಲಿಸಿ, ಟೆಸ್ಟಿಗೆ ಹೊಸಪೇಟೆ ರಸ್ತೆ ಕಡೆ ಹೊರಟೆ. "ನೀವು ಓಡಿಸ್ತೀರಾ?" ಅಂತ ಕೇಳಿದ ಓನರ್ ಪಕ್ಕದಲ್ಲಿ ಹಿಡಿಕೆ ಹಿಡಿದು ಕೂತರು. ಕುಡುತಿನಿ ದಾಟುವಷ್ಟರಲ್ಲಿ ಹಿಡಿಕೆ ಬಿಟ್ಟರು. ವಾಪಸ್ ಬಂದು ದುಡ್ಡು ಕೊಡುವಾಗ ಚಾಚಾನ ಬೆನ್ನು ತಟ್ಟಿ, "ಒಳ್ಳೇ ಮಿಷನ್ ತಂದಿದೀಯಪ್ಪಾ, ಕರೆಕ್ಟಾಗಿ ಹೇಳಿಬಿಡ್ತು" ಅಂದರು. ಪೈಪಿನ ವಿಷಯ ಮಿಷನ್ ಒಂದಕ್ಷರವೂ ಹೇಳಿರಲಿಲ್ಲ. ಅದನ್ನು ಹೇಳಿದ್ದು ಧೂಳು. ನನ್ನ ಬೆನ್ನಿಗೆ ಇನ್ನೂ ಮೆತ್ತಿಕೊಂಡಿತ್ತು.

ಎರಡು ತಿಂಗಳ ಹಿಂದೆ ಅದೇ ಓನರ್ ತಮ್ಮ ಅಳಿಯನ ಕಾರು ತಗೊಂಡು ಬಂದರು. ಮಧ್ಯಾಹ್ನ ಎರಡು ಗಂಟೆ. ನಾನು ಹಿಂದಿನ ರೂಮಿನಲ್ಲಿ ಡಬ್ಬಿ ಬಿಚ್ಚಿ ರೊಟ್ಟಿ, ಪುಂಡಿಪಲ್ಯ ತಿನ್ನುತ್ತಿದ್ದೆ. ಹೊರಗೆ ಮಾತು ಕೇಳಿಸಿತು.

"ಚಾಚಾ, ಆ ಮಿಷನ್ ಐತಲ್ಲ, ಅದನ್ನ ಒಂದ್ಸಲ ಹಚ್ಚಿ ನೋಡು."

"ಮಿಷನ್ ಊಟಕ್ಕೆ ಕುಂತೈತೆ" ಅಂದರು ಚಾಚಾ. "ಅರ್ಧ ತಾಸು ಆಗ್ತದೆ, ಕೂಡು."