ಟ್ರೇಲ್ ಕ್ವಾಡ್‌ಗೆ ಏರಿನಲ್ಲಿ ಎಳೆತ ಬೇಕೇ? ಮುಂದಿನ ಸ್ಪ್ರಾಕೆಟ್‌ನಿಂದ ಶುರು ಮಾಡಿ

ಏರು ಹತ್ತುವಾಗ ಎರಡನೇ ಗೇರಿನಲ್ಲಿ ಇಂಜಿನ್ ಮುಗ್ಗರಿಸುತ್ತದೆ. ಒಂದಕ್ಕೆ ಇಳಿಸೋಣವೆಂದರೆ ಅಷ್ಟರಲ್ಲಿ ವೇಗ ಸತ್ತು ಗಾಡಿ ನಿಂತೇಬಿಟ್ಟಿರುತ್ತದೆ. ಕಾಡುದಾರಿಯಲ್ಲಿ ಕ್ವಾಡ್ (ನಾಲ್ಕು ಚಕ್ರದ ಎಟಿವಿ) ಓಡಿಸುವವರಲ್ಲಿ ಈ ದೂರು ಎಲ್ಲೆಡೆ ಇದೆ. ಅಂಗಡಿಯವರು ಇದಕ್ಕೆ ತೋರಿಸುವ ಮದ್ದು ಹೊಸ ಸೈಲೆನ್ಸರ್. ಅದರಿಂದ ಸದ್ದು ಖಂಡಿತ ಹೆಚ್ಚುತ್ತದೆ, ಎಳೆತ ಹೆಚ್ಚುವುದು ಅನುಮಾನ. ಕಡಿಮೆ ಆರ್‌ಪಿಎಂನಲ್ಲಿ ಚಕ್ರಕ್ಕೆ ಸಿಗುವ ಬಲವನ್ನು ಅಗ್ಗವಾಗಿ ಹೆಚ್ಚಿಸುವ ದಾರಿ ಗೇರಿಂಗ್, ಅಂದರೆ ಚೈನ್ ಓಡುವ ಮುಂದಿನ ಮತ್ತು ಹಿಂದಿನ ಹಲ್ಲುಚಕ್ರಗಳ (ಸ್ಪ್ರಾಕೆಟ್) ಅನುಪಾತ. ಅದಕ್ಕೂ ಮೊದಲು, ಇದ್ದ ಬಲ ಎಲ್ಲಿ ಸೋರುತ್ತಿದೆ ಎಂದು ನೋಡಬೇಕು.

ಉದಾಹರಣೆಗೆ ಹೋಂಡಾ ಟಿಆರ್‌ಎಕ್ಸ್400ಇಎಕ್ಸ್ ತೆಗೆದುಕೊಳ್ಳೋಣ. 1999ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದ ಗಾಡಿ: 397 ಸಿಸಿ, ಒಂದೇ ಸಿಲಿಂಡರ್, ಏರ್ ಕೂಲ್ಡ್, ಕಾರ್ಬ್ಯುರೇಟರ್, ಕ್ಲಚ್ ಲಿವರ್, ಹಿಂದಕ್ಕೆ ಚೈನ್. ಸೆಕೆಂಡ್‌ಹ್ಯಾಂಡ್ ಆಗಿ ಈಗಲೂ ಕೈ ಬದಲಾಗುತ್ತಲೇ ಇದೆ. ಚೈನ್ ಇರುವ ಬೇರೆ ಯಾವ ಕ್ವಾಡ್‌ಗೂ ಇದೇ ಲೆಕ್ಕ. ಹಲ್ಲುಗಳ ಸಂಖ್ಯೆ ಮಾತ್ರ ಬೇರೆ.

ಮೊದಲು ಕಾಸು ಖರ್ಚಿಲ್ಲದ ಕೆಲಸ

ಹಿಂಭಾಗವನ್ನು ಸ್ಟ್ಯಾಂಡ್ ಮೇಲೆ ಎತ್ತಿ, ನ್ಯೂಟ್ರಲ್‌ನಲ್ಲಿ ಚಕ್ರವನ್ನು ಕೈಯಿಂದ ತಿರುಗಿಸಿ. ಸರಾಗವಾಗಿ ತಿರುಗದಿದ್ದರೆ ಬ್ರೇಕ್ ಹಿಡಿದಿದೆ ಎಂದರ್ಥ. ಹೆಚ್ಚಿನ ಸಲ ಪಾರ್ಕಿಂಗ್ ಬ್ರೇಕ್ ಕೇಬಲ್ ಅತಿ ಬಿಗಿಯಾಗಿರುತ್ತದೆ, ಇಲ್ಲವೇ ಕ್ಯಾಲಿಪರ್ ಪಿನ್‌ಗಳು ಕೆಸರಿನಿಂದ ಜಾಮ್ ಆಗಿರುತ್ತವೆ. ಟೈರ್ ಗಾಳಿಯನ್ನೂ ನೋಡಿ. ಇಂಥ ಕ್ವಾಡ್‌ಗಳ ಟೈರ್ 4–5 ಪಿಎಸ್‌ಐ ಆಸುಪಾಸಿನಲ್ಲಿ ಓಡುತ್ತದೆ. ಪೆಟ್ರೋಲ್ ಬಂಕಿನ ಗೇಜ್ ಅಷ್ಟು ಕೆಳಗಿನ ಒತ್ತಡವನ್ನು ನೆಚ್ಚುವಂತೆ ತೋರಿಸುವುದಿಲ್ಲ, ಕಡಿಮೆ ಒತ್ತಡದ ಗೇಜ್ ಬೇರೆಯೇ ಕೊಳ್ಳಬೇಕು.

ಏರ್ ಫಿಲ್ಟರ್ ಸ್ಪಂಜನ್ನು ಸೋಪು ನೀರಿನಲ್ಲಿ ಹಿಂಡದೆ ಅದುಮಿ ತೊಳೆದು, ಪೂರ್ತಿ ಒಣಗಿಸಿ, ಫಿಲ್ಟರ್ ಆಯಿಲ್ ಹಚ್ಚಿ. ಪೆಟ್ರೋಲಿನಲ್ಲಿ ತೊಳೆಯಬೇಡಿ. ಬೆಂಕಿಯ ಭಯ ಒಂದಾದರೆ, ಸ್ಪಂಜಿನ ಅಂಟು ಬಿಡುವುದು ಇನ್ನೊಂದು. ಏರ್‌ಬಾಕ್ಸ್ ಮುಚ್ಚಳವನ್ನು ತೆಗೆದಿಟ್ಟಿದ್ದರೆ ವಾಪಸ್ ಹಾಕಿ. ಜೆಟ್ (ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ಬಿಡಿಭಾಗ) ಬದಲಿಸದೆ ಮುಚ್ಚಳ ತೆಗೆದರೆ ಮಿಶ್ರಣ ಲೀನ್ ಆಗುತ್ತದೆ, ಅಂದರೆ ಗಾಳಿ ಹೆಚ್ಚಾಗಿ ಪೆಟ್ರೋಲ್ ಕಡಿಮೆಯಾಗುತ್ತದೆ, ಥ್ರಾಟಲ್ ಕೊಟ್ಟ ಮೊದಲ ಕ್ಷಣದಲ್ಲೇ ಇಂಜಿನ್ ತಡವರಿಸುತ್ತದೆ.

ವಾಲ್ವ್ ಕ್ಲಿಯರೆನ್ಸನ್ನು ತಣ್ಣಗಿನ ಇಂಜಿನ್‌ನಲ್ಲಿ, ಪಿಸ್ಟನ್ ಕಂಪ್ರೆಶನ್ ಸ್ಟ್ರೋಕಿನ ತುದಿಯಲ್ಲಿರುವಾಗ ಫೀಲರ್ ಗೇಜ್‌ನಿಂದ ಅಳೆಯಿರಿ. ಈ ಹೋಂಡಾದಲ್ಲಿ ಇನ್‌ಟೇಕ್ 0.10 ಮಿ.ಮೀ., ಎಕ್ಸಾಸ್ಟ್ 0.12 ಮಿ.ಮೀ. ಬಿಗಿಯಾದ ವಾಲ್ವ್ ಸದ್ದು ಮಾಡುವುದಿಲ್ಲ, ಹಾಗಾಗಿ ಯಾರ ಗಮನಕ್ಕೂ ಬರುವುದಿಲ್ಲ. ಆದರೆ ಕಂಪ್ರೆಶನ್ ಸೋರಿ ಮೊದಲು ಸಾಯುವುದು ಕೆಳಗಿನ ಎಳೆತವೇ.

ಕ್ಲಚ್ ಪರೀಕ್ಷೆ ಸುಲಭ. ಮೂರನೇ ಗೇರಿನಲ್ಲಿ ನಿಧಾನವಾಗಿ ಹೋಗುತ್ತಾ ಒಮ್ಮೆಲೇ ಪೂರ್ತಿ ಥ್ರಾಟಲ್ ಕೊಡಿ. ವೇಗ ಏರದೆ ಇಂಜಿನ್ ಮಾತ್ರ ಕಿರುಚಿದರೆ ಕ್ಲಚ್ ಜಾರುತ್ತಿದೆ. ಲಿವರಿನಲ್ಲಿ ಸ್ವಲ್ಪ ಸಡಿಲ ಉಂಟೇ ನೋಡಿ. ಆಮೇಲೆ ಆಯಿಲ್ ಡಬ್ಬಿ ನೋಡಿ. ಕಾರಿಗೆ ಬಳಸುವ ಇಂಧನ ಉಳಿತಾಯದ ಆಯಿಲ್ ಹಾಕಿದ್ದರೆ ಅದೇ ಕಾರಣವಿರಬಹುದು. ಡಬ್ಬಿಯ ಮೇಲೆ ಜಾಸೊ ಎಂಎ (ಆಯಿಲಿನಲ್ಲಿ ಮುಳುಗಿರುವ ಕ್ಲಚ್‌ಗೆ ಹೊಂದುತ್ತದೆ ಎನ್ನುವ ಗುರುತು) ಎಂದಿರಬೇಕು.

ಕಾರ್ಬ್ಯುರೇಟರ್: ಮೇನ್ ಜೆಟ್ ಅಲ್ಲ, ಸ್ಲೋ ಜೆಟ್

ಇಲ್ಲಿ ಬಹಳ ಜನ ದುಡ್ಡು ಕಳೆಯುತ್ತಾರೆ. ಮೇನ್ ಜೆಟ್ ಕೆಲಸ ಮಾಡುವುದು ಮುಕ್ಕಾಲು ಥ್ರಾಟಲ್‌ನಿಂದ ಮೇಲೆ. ಮುಚ್ಚಿದ ಸ್ಥಿತಿಯಿಂದ ಕಾಲು ಥ್ರಾಟಲ್‌ವರೆಗೆ ಸ್ಲೋ ಜೆಟ್ ಮತ್ತು ಫ್ಯೂಯಲ್ ಸ್ಕ್ರೂ ಮುಖ್ಯ, ನಡುವೆ ನೀಡಲ್. ಕಲ್ಲುದಾರಿಯಲ್ಲಿ ನಿಮ್ಮ ಹೆಬ್ಬೆರಳು ಇರುವುದೇ ಆ ಮೊದಲ ಕಾಲು ಭಾಗದಲ್ಲಿ. ಹಾಗಾಗಿ ದೊಡ್ಡ ಮೇನ್ ಜೆಟ್ ತಂದು ಹಾಕಿ ಏರಿನ ಬುಡದಲ್ಲಿ ಫಲ ಕಾಯುವುದು ವ್ಯರ್ಥ.

ಇಂಜಿನ್ ಬಿಸಿಯಾದ ಮೇಲೆ, ತಡವರಿಸುವ ಆ ಥ್ರಾಟಲ್ ಮಟ್ಟದಲ್ಲೇ ಚೋಕನ್ನು ಅರ್ಧ ಎಳೆದು ನೋಡಿ. ಸುಧಾರಿಸಿದರೆ ಮಿಶ್ರಣ ಲೀನ್: ಸ್ಲೋ ಜೆಟ್‌ನಲ್ಲಿ ಕಸ ಕಟ್ಟಿರಬಹುದು, ಇಲ್ಲವೇ ಇನ್‌ಟೇಕ್ ರಬ್ಬರ್ ಬಿರುಕು ಬಿಟ್ಟಿರಬಹುದು. ಇನ್ನೂ ಕೆಟ್ಟರೆ ರಿಚ್ (ಪೆಟ್ರೋಲ್ ಹೆಚ್ಚು), ಮೊದಲ ಅನುಮಾನ ಕೊಳೆತುಂಬಿದ ಫಿಲ್ಟರ್ ಮೇಲೆ. ಸ್ಲೋ ಜೆಟ್‌ನ ತೂತು ಕೂದಲಿನಷ್ಟೇ ಸಣ್ಣದು. ಅದಕ್ಕೆ ತಂತಿ ಚುಚ್ಚಬೇಡಿ, ಕಾರ್ಬ್ ಕ್ಲೀನರ್ ಮತ್ತು ಗಾಳಿ ಸಾಕು. ಫ್ಯೂಯಲ್ ಸ್ಕ್ರೂವನ್ನು ಬಿಚ್ಚುವ ಮೊದಲು ಪೂರ್ತಿ ಒಳಗೆ ಮುಟ್ಟುವವರೆಗೆ ಎಷ್ಟು ಸುತ್ತು ಎಂದು ಎಣಿಸಿ ಬರೆದಿಡಿ. ಮುಟ್ಟಿದ ಮೇಲೂ ಒತ್ತಿ ತಿರುಗಿಸಿದರೆ ಚೂಪು ತುದಿ ಒಳಗೇ ಮುರಿಯಬಹುದು.

ಹಲ್ಲಿನ ಲೆಕ್ಕ

ಈ ಗಾಡಿಯ ಕಾರ್ಖಾನೆ ಗೇರಿಂಗ್ ಮುಂದೆ 15, ಹಿಂದೆ 38 ಹಲ್ಲು. ಹಿಂದಿನದನ್ನು ಮುಂದಿನದರಿಂದ ಭಾಗಿಸಿದರೆ 2.53. ಮುಂದೆ 14 ಹಾಕಿದರೆ 2.71, ಅಂದರೆ ಎಲ್ಲ ಗೇರಿನಲ್ಲೂ ಚಕ್ರಕ್ಕೆ ಸುಮಾರು 7% ಹೆಚ್ಚು ಬಲ. 13 ಹಾಕಿದರೆ 2.92, ಸುಮಾರು 15% ಹೆಚ್ಚು. ಹಿಂದೆ ಒಂದು ಹಲ್ಲು ಹೆಚ್ಚಿಸಿದರೆ ಸಿಗುವುದು 2.6% ಮಾತ್ರ. ಅದೇ ಅನುಪಾತದಲ್ಲಿ ಟಾಪ್ ಸ್ಪೀಡ್ ಇಳಿಯುತ್ತದೆ, ಆದರೆ ಟ್ರೇಲ್‌ನಲ್ಲಿ ಐದನೇ ಗೇರಿಗೆ ಹೋಗುವವರು ಯಾರು?

ಇನ್ನೊಂದು ಸಂಗತಿ, ಬಹಳ ಜನ ಮರೆಯುವುದು: ಟೈರ್. ಹಿಂದಿನ ಮೂಲ ಟೈರ್ 20 ಇಂಚು. ಕೆಸರಿಗೆಂದು 22 ಇಂಚಿನದು ಹಾಕಿದರೆ ಗೇರಿಂಗ್ ಅಲ್ಲೇ ಶೇಕಡಾ ಒಂಬತ್ತರಷ್ಟು ಕಳೆದುಹೋಯಿತು. ಆಮೇಲೆ 14ರ ಸ್ಪ್ರಾಕೆಟ್ ಹಾಕಿದರೂ ಕಾರ್ಖಾನೆಯಿಂದ ಬಂದಾಗ ಇದ್ದ ಎಳೆತಕ್ಕಿಂತ ಕಡಿಮೆಯೇ ಉಳಿಯುತ್ತದೆ. "ಸ್ಪ್ರಾಕೆಟ್ ಹಾಕಿದೆ, ಏನೂ ವ್ಯತ್ಯಾಸ ಗೊತ್ತಾಗಲಿಲ್ಲ" ಎನ್ನುವವರ ಹಿಂದಿನ ಟೈರ್ ಎಷ್ಟು ಇಂಚು ಎಂದು ಮೊದಲು ಕೇಳಿ. 22 ಇಂಚಿನ ಜೊತೆ 13 ಹಾಕಿದರೆ ಮೂಲಕ್ಕಿಂತ ಸುಮಾರು 5% ಮೇಲೆ ಬರುತ್ತೀರಿ.

ಮೂಲ ಟೈರ್ ಇದ್ದರೆ ನಮ್ಮ ಆಯ್ಕೆ 14. ಅದು ಹಿಂದಿನ ಸ್ಪ್ರಾಕೆಟ್‌ಗಿಂತ ತೀರಾ ಅಗ್ಗ, ಬದಲಿಸುವುದು ಒಂದು ಗಂಟೆಯ ಕೆಲಸ, ಇರುವ ಚೈನೇ ಸಾಕಾಗುತ್ತದೆ. 13ಕ್ಕೆ ಇಳಿದರೆ ಚೈನ್ ಹೆಚ್ಚು ಬಾಗಿ ಬೇಗ ಸವೆಯುತ್ತದೆ. ಜೊತೆಗೆ ಮುಂದಿನ ಒಂದೊಂದು ಹಲ್ಲು ಕಡಿಮೆಯಾದಂತೆ ಚೈನ್ ಸುಮಾರು 2.5 ಮಿ.ಮೀ. ಸ್ವಿಂಗ್‌ಆರ್ಮ್ (ಹಿಂದಿನ ಆಕ್ಸಲ್ ಹಿಡಿದಿರುವ ತೋಳು) ಕಡೆಗೆ ಸರಿಯುತ್ತದೆ. ಅಲ್ಲಿನ ಪ್ಲಾಸ್ಟಿಕ್ ಸ್ಲೈಡರ್ ಮೊದಲೇ ಸವೆದಿದ್ದರೆ ಚೈನ್ ಲೋಹವನ್ನೇ ಗರಗಸದಂತೆ ಕೊಯ್ಯುತ್ತದೆ. ಹಿಂದೆ ದೊಡ್ಡ ಸ್ಪ್ರಾಕೆಟ್ ಹಾಕಿದರೆ ಬೇರೆ ತೊಂದರೆ: 38ರಿಂದ 40ಕ್ಕೆ ಹೋದಾಗ ಅದರ ಅಂಚು 5 ಮಿ.ಮೀ. ನೆಲಕ್ಕೆ ಹತ್ತಿರವಾಗುತ್ತದೆ, ಕಲ್ಲು ಬಡಿದರೆ ಮೊದಲು ಬಾಗುವುದು ಅದೇ.

ಬದಲಿಸುವ ಕ್ರಮ

ಕವರ್ ತೆಗೆದು, ಒಳಗೆ ಗಟ್ಟಿಯಾದ ಗ್ರೀಸು ಮತ್ತು ಮಣ್ಣನ್ನು ಕೆರೆದು ತೆಗೆಯಿರಿ. ಚೈನ್ ಇನ್ನೂ ಬಿಗಿಯಾಗಿ ಇರುವಾಗಲೇ, ಗೇರಿಗೆ ಹಾಕಿ ಹಿಂದಿನ ಬ್ರೇಕ್ ಹಿಡಿದು ಸ್ಪ್ರಾಕೆಟ್ ಬೋಲ್ಟ್ ಸಡಿಲಿಸಿ. ಚೈನ್ ತೆಗೆದ ಮೇಲೆ ಶಾಫ್ಟ್ ತಿರುಗುತ್ತಲೇ ಇರುತ್ತದೆ, ಬೋಲ್ಟ್ ಬಿಚ್ಚುವುದು ಪರದಾಟ. ಈ ಹೋಂಡಾದಲ್ಲಿ ಎರಡು ಸಣ್ಣ ಬೋಲ್ಟು, ಒಂದು ಪ್ಲೇಟು. ಬೋಲ್ಟ್ ತೆಗೆದು ಪ್ಲೇಟನ್ನು ಸ್ವಲ್ಪ ತಿರುಗಿಸಿದರೆ ಶಾಫ್ಟಿನ ತೋಡಿನಿಂದ ಹೊರಬರುತ್ತದೆ. ದೊಡ್ಡ ನಟ್ ಮತ್ತು ಮಡಚಿದ ವಾಷರ್ ಇರುವ ಗಾಡಿಗಳಲ್ಲಿ ವಾಷರ್ ಹೊಸದೇ ಹಾಕಿ.

ಹಿಂದಿನ ಆಕ್ಸಲ್ ಕ್ಯಾರಿಯರ್ ಬೋಲ್ಟ್‌ಗಳನ್ನು ಸಡಿಲಿಸಿ ಚೈನ್ ಇಳಿಸಿ. ಹಳೆಯ ಚೈನನ್ನು ಹಿಂದಿನ ಸ್ಪ್ರಾಕೆಟ್‌ನ ಹಿಂಬದಿಯಲ್ಲಿ ಬೆರಳಿನಿಂದ ಎಳೆದು ನೋಡಿ. ಅರ್ಧ ಹಲ್ಲು ಕಾಣುವಷ್ಟು ಎದ್ದರೆ ಅದರ ಕಾಲ ಮುಗಿದಿದೆ, ಅದನ್ನೇ ಹಾಕಿದರೆ ಹೊಸ ಸ್ಪ್ರಾಕೆಟ್ಟೂ ಬೇಗ ಹಾಳು. ಹೊಸದನ್ನು ಕೂರಿಸಿ, ಸಣ್ಣ ಬೋಲ್ಟ್‌ಗಳಿಗೆ ಥ್ರೆಡ್‌ಲಾಕ್ ಹಚ್ಚಿ ಸುಮಾರು 10 ನ್ಯೂಟನ್ ಮೀಟರ್‌ಗೆ ಬಿಗಿ ಮಾಡಿ. ಇವು ಸಡಿಲವಾಗಿ ಬಿದ್ದರೆ ಸ್ಪ್ರಾಕೆಟ್ ಕೇಸಿಗೆ ತಾಗಿ ಇಂಜಿನ್ನೇ ಒಡೆಯಬಹುದು. ಒಂದು ಹಲ್ಲು ಕಡಿಮೆಯಾದರೆ ಆಕ್ಸಲ್ ಸುಮಾರು 4 ಮಿ.ಮೀ. ಹಿಂದಕ್ಕೆ ಹೋಗುತ್ತದೆ. ಅಡ್ಜಸ್ಟರ್‌ನಲ್ಲಿ ಅಷ್ಟು ಜಾಗ ಇಲ್ಲವೆಂದರೆ ಚೈನ್ ಹಿಗ್ಗಿದೆ ಎಂದೇ ಲೆಕ್ಕ. ಚೈನಿನ ಸಡಿಲ ಗಾಡಿಯ ಸ್ಟಿಕ್ಕರ್‌ನಲ್ಲಿ ಬರೆದಷ್ಟೇ ಇರಲಿ, ಸಾಮಾನ್ಯವಾಗಿ 30–40 ಮಿ.ಮೀ. ಯಾರಾದರೂ ಸೀಟಿನ ಮೇಲೆ ಕೂತಿರುವಾಗಲೂ ಚೈನ್ ತಂತಿಯಂತೆ ಬಿಗಿಯಾಗಬಾರದು. ಮೊದಲ ಸವಾರಿ ಮುಗಿದ ಮೇಲೆ ಬೋಲ್ಟನ್ನೂ ಚೈನನ್ನೂ ಮತ್ತೆ ನೋಡಿ. ಕಡಿದಾದ ಏರಿನಲ್ಲಿ ಮುಂದಿನ ಚಕ್ರ ಈಗ ಮೊದಲಿಗಿಂತ ಬೇಗ ಏಳುತ್ತದೆ, ಮೈಯನ್ನು ಮುಂದಕ್ಕೆ ಬಾಗಿಸಿ.

ಬೆಲ್ಟ್ ಇರುವ ಗಾಡಿಗಳು

ಕೊಡಗು, ಚಿಕ್ಕಮಗಳೂರಿನ ತೋಟಗಳಲ್ಲಿ ಓಡುವ ಹಲವು ಕ್ವಾಡ್‌ಗಳಲ್ಲಿ ಕ್ಲಚ್ ಲಿವರ್ ಇಲ್ಲ, ಬೆಲ್ಟ್ ಸಿವಿಟಿ (ಪುಲ್ಲಿ ಮತ್ತು ಬೆಲ್ಟಿನಿಂದ ತಾನಾಗಿಯೇ ಗೇರಿಂಗ್ ಬದಲಾಗುವ ವ್ಯವಸ್ಥೆ) ಇದೆ. ಇಲ್ಲಿ ಮೊದಲ ಮದ್ದು ಲೋ ರೇಂಜ್. ಹೈಯಲ್ಲೇ ಏರು ಹತ್ತಿಸಿದರೆ ಬೆಲ್ಟ್ ಜಾರಿ, ಕಾದು, ಹೊಳಪು ಹಿಡಿಯುತ್ತದೆ. ಆಮೇಲೆ ಎಷ್ಟು ಥ್ರಾಟಲ್ ಕೊಟ್ಟರೂ ಎಳೆಯುವುದಿಲ್ಲ. ಪುಲ್ಲಿಗಳ ಮುಖವನ್ನು ಸ್ವಚ್ಛ ಬಟ್ಟೆಯಿಂದ ಒರೆಸಿ, ಗ್ರೀಸ್ ಒಂದು ತೊಟ್ಟೂ ತಾಗದಂತೆ ನೋಡಿಕೊಳ್ಳಿ. ಸ್ಕೂಟರ್ ಮಾದರಿಯ ವೇರಿಯೇಟರ್ (ರೋಲರ್‌ಗಳ ತೂಕದಿಂದ ಸರಿಯುವ, ಇಂಜಿನ್ ಕಡೆಯ ಪುಲ್ಲಿ) ಇದ್ದರೆ ರೋಲರ್‌ಗಳನ್ನು ಒಂದೊಂದಕ್ಕೆ 1 ಗ್ರಾಂ ಹಗುರ ಮಾಡಿ, ಆರನ್ನೂ ಒಂದೇ ತೂಕದ್ದು ಹಾಕಿ. ಇಂಜಿನ್ ಹೆಚ್ಚು ಆರ್‌ಪಿಎಂನಲ್ಲಿ ಉಳಿದು ಏರು ಸಲೀಸಾಗುತ್ತದೆ. ಒಮ್ಮೆಗೇ 3–4 ಗ್ರಾಂ ಇಳಿಸಿದರೆ ಬರೀ ಕಿರುಚಾಟ, ಪೆಟ್ರೋಲು ದಂಡ. ಹಳ್ಳ ದಾಟಿದ ಮೇಲೆ ಎಳೆತ ಹೋದರೆ ತೂಕ ಬದಲಿಸುವ ಮಾತೇ ಬೇಡ: ಬೆಲ್ಟ್ ಕವರಿನ ಡ್ರೈನ್ ಪ್ಲಗ್ ಬಿಚ್ಚಿ ನೀರು ಇಳಿಸಿ, ನ್ಯೂಟ್ರಲ್‌ನಲ್ಲಿ ಕೆಲವು ಸಲ ರೇಸ್ ಕೊಟ್ಟು ಬೆಲ್ಟ್ ಒಣಗಿಸಿ.