ಗೇಣು ಆಳದ ಹಳೆ ನಾಣ್ಯ ಹುಡುಕುವುದು ಹೇಗೆ?

ಹೊಲದ ಮಾಲೀಕ ಒಪ್ಪಿದರೆ ಇಂಗ್ಲೆಂಡಿನಲ್ಲಿ ಮೆಟಲ್ ಡಿಟೆಕ್ಟರ್ ಹಿಡಿದು ಹಳೆ ನಾಣ್ಯ ಹುಡುಕಲು ಕಾನೂನಿನ ಅಡ್ಡಿಯಿಲ್ಲ. ಅಲ್ಲಿ ನೆಲೆಸಿರುವ ಕನ್ನಡಿಗರು ಈ ಹವ್ಯಾಸಕ್ಕೆ ಇಳಿಯುವುದಾದರೆ ಒಂದು ಮಾತು: ಆಳದ ನಾಣ್ಯಕ್ಕೆಂದು ಮೊದಲ ದಿನವೇ ದೊಡ್ಡ ಕಾಯಿಲ್ (ಯಂತ್ರದ ಕೋಲಿನ ತುದಿಯಲ್ಲಿರುವ, ಲೋಹ ಪತ್ತೆಮಾಡುವ ತಟ್ಟೆ) ಕೊಳ್ಳಬೇಡಿ. 11 ಇಂಚಿನ ಸಾಮಾನ್ಯ ಡಿಡಿ (ಒಳಗೆ ‘D’ ಆಕಾರದ ಎರಡು ತಂತಿಸುರುಳಿಯಿರುವ) ಕಾಯಿಲ್‌ಗೇ 20ರಿಂದ 25 ಸೆಂ.ಮೀ. ಆಳದ ನಾಣ್ಯ ಕೇಳಿಸುತ್ತದೆ. 15 ಇಂಚಿನದು ಇನ್ನೊಂದಿಷ್ಟು ಕೆಳಗೆ ಹೋಗುತ್ತದೆ, ನಿಜ. ಆದರೆ ತೋಳು ಸೋಲುತ್ತದೆ, ಸಣ್ಣ ನಾಣ್ಯದ ಸದ್ದು ಕಳೆದುಹೋಗುತ್ತದೆ, ಪಕ್ಕದಲ್ಲೊಂದು ಮೊಳೆ ಇದ್ದರೆ ಎರಡೂ ಕಲಸಿ ಒಂದಾಗುತ್ತವೆ.

ನಾಣ್ಯ ಕಾಯಿಲ್‌ನಿಂದ ದೂರವಾದಷ್ಟೂ ಮರಳಿ ಬರುವ ಸಂಕೇತ ವಿಪರೀತ ವೇಗದಲ್ಲಿ ಕುಸಿಯುತ್ತದೆ. ದೂರ ಇಮ್ಮಡಿಯಾದರೆ ಸಂಕೇತ 64ನೇ ಒಂದು ಪಾಲಿನವರೆಗೂ ಇಳಿಯಬಹುದು. ಹಾಗಾಗಿ ಯಂತ್ರಕ್ಕೆ ಎಷ್ಟೇ ದುಡ್ಡು ಸುರಿದರೂ ಸಿಗುವುದು ಎರಡು ಬೆರಳು ಹೆಚ್ಚಿನ ಆಳ. ಉಳಿದದ್ದು ಕೈ ಮತ್ತು ಕಿವಿಯ ಕೆಲಸ.

ಅನುಮತಿ

ಜಮೀನಿನ ಮಾಲೀಕರಿಂದ ಬರಹದಲ್ಲಿ ಒಪ್ಪಿಗೆ ಪಡೆಯಿರಿ. ಗೇಣಿಗೆ ಉಳುವವರಿದ್ದರೆ ಅವರದೂ ಬೇಕು. ಸಿಕ್ಕಿದ್ದನ್ನು ಹೇಗೆ ಹಂಚಿಕೊಳ್ಳುವುದೆಂದು ಆಗಲೇ ಬರೆದಿಡಿ. ಬೆಲೆಬಾಳುವುದು ಸಿಕ್ಕ ಮೇಲೆ ಆ ಮಾತು ಎತ್ತಿದರೆ ಮನಸ್ತಾಪ ಖಂಡಿತ. ಸಂರಕ್ಷಿತ ಸ್ಮಾರಕಗಳ ಜಾಗದಲ್ಲಿ ಪರವಾನಗಿ ಇಲ್ಲದೆ ಡಿಟೆಕ್ಟರ್ ಬಳಸುವುದು 1979ರ ಕಾಯ್ದೆಯಡಿ ಅಪರಾಧ. ಉತ್ತರ ಐರ್ಲೆಂಡ್ ಮತ್ತು ಸ್ಕಾಟ್ಲೆಂಡಿನ ನಿಯಮಗಳು ಬೇರೆ, ಅಲ್ಲಿಗೆ ಹೋಗುವ ಮುನ್ನ ಓದಿಕೊಳ್ಳಿ.

ಯಂತ್ರವನ್ನು ಊರಿಗೆ ತರುವ ಯೋಚನೆ ಮಾತ್ರ ಬೇಡ. 1878ರ ಭಾರತೀಯ ನಿಧಿ ಕಾಯ್ದೆಯ ಪ್ರಕಾರ ನೆಲದಲ್ಲಿ ಹುದುಗಿದ್ದ, ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿ ಸಿಕ್ಕರೂ ಜಿಲ್ಲಾಧಿಕಾರಿಗೆ ತಿಳಿಸಬೇಕು. ಹಂಪಿಯಂಥ ಕಡೆ ಡಿಟೆಕ್ಟರ್ ಹಿಡಿದವರನ್ನು ಯಾರೂ ಹವ್ಯಾಸಿ ಎನ್ನುವುದಿಲ್ಲ, ನಿಧಿಗಳ್ಳ ಎನ್ನುತ್ತಾರೆ.

ಯಂತ್ರ ಹೊಂದಿಸುವುದು

ಮೊದಲು ಲೋಹವಿಲ್ಲದ ಒಂದು ಮೊಳ ಜಾಗ ಹುಡುಕಿ ಗ್ರೌಂಡ್ ಬ್ಯಾಲೆನ್ಸ್ ಮಾಡಿ, ಅಂದರೆ ಯಂತ್ರವನ್ನು ಆ ಮಣ್ಣಿಗೆ ಹೊಂದಿಸಿ. ಬಟನ್ ಒತ್ತಿಹಿಡಿದು, ಕಾಯಿಲ್ಲನ್ನು ನೆಲದಿಂದ ಸುಮಾರು 3 ಸೆಂ.ಮೀ. ಎತ್ತರದಿಂದ 15 ಸೆಂ.ಮೀ.ವರೆಗೆ ಮೇಲೆ ಕೆಳಗೆ ಆಡಿಸಿದರೆ ಮಣ್ಣಿನ ಖನಿಜದ ಸದ್ದು ಅಡಗುತ್ತದೆ. ನಂತರ ಸೆನ್ಸಿಟಿವಿಟಿ, ಅಂದರೆ ಯಂತ್ರದ ಸೂಕ್ಷ್ಮತೆ. ಹೊಸಬರು ಅದನ್ನು ಕೊನೆಯ ಅಂಕಿಗೆ ಏರಿಸಿಬಿಡುತ್ತಾರೆ. ಯಂತ್ರ ಸುಮ್ಮನೆ ಕಿಚಪಿಚ ಎನ್ನತೊಡಗುತ್ತದೆ, ಆಳದ ಮೆಲುದನಿ ಆ ಗದ್ದಲದಲ್ಲಿ ಮುಳುಗುತ್ತದೆ. ಕಾಯಿಲ್ ಅಲುಗಾಡದಿದ್ದಾಗ ಪೂರ್ತಿ ಮೌನವಾಗುವವರೆಗೆ ಇಳಿಸಿ. ವಿದ್ಯುತ್ ತಂತಿಯ ಕೆಳಗೆ ಇನ್ನೂ ಇಳಿಸಬೇಕಾಗುತ್ತದೆ.

ಕಬ್ಬಿಣದ ಸದ್ದನ್ನು ಪೂರ್ತಿ ಮುಚ್ಚಿಹಾಕುವ ಡಿಸ್ಕ್ರಿಮಿನೇಷನ್ (ಲೋಹ ಬೇರ್ಪಡಿಸುವ ಸೆಟ್ಟಿಂಗ್) ಕೂಡ ಬೇಡ. ಯಂತ್ರದ ಮಿತಿಯಲ್ಲಿರುವ ನಾಣ್ಯಕ್ಕೆ ಮಣ್ಣಿನ ಖನಿಜ ಬೆರೆತು, ಲೋಹ ಯಾವುದೆಂದು ಸೂಚಿಸುವ, ಪರದೆಯ ಮೇಲಿನ ಅಂಕಿ ಕಬ್ಬಿಣದತ್ತ ಜಾರುತ್ತದೆ. ಮುಚ್ಚಿದರೆ ಅದೂ ಹೋಯಿತು. ಕಬ್ಬಿಣಕ್ಕೆ ತಗ್ಗಿದ ಸ್ವರ ಕೊಟ್ಟು ಕೇಳುತ್ತಾ ಹೋಗಿ. ಹೆಡ್‌ಫೋನ್ ಇಲ್ಲದೆ ಈ ಕೆಲಸ ಆಗದು.

ಬೀಸುವುದು, ಕೇಳುವುದು

ಕುರಿ ಮೇಯ್ದು ಮೋಟಾದ ಹುಲ್ಲುಗಾವಲು ಒಳ್ಳೆಯದು. ಮಳೆ ಬಿದ್ದು ನೆಲ ನೆನೆದಿದ್ದರೆ ಇನ್ನೂ ಉತ್ತಮ. ಐದು ಸೆಂ.ಮೀ. ಹುಲ್ಲಿನ ಮೇಲೆ ಕಾಯಿಲ್ ತೇಲಿದರೆ ಅಷ್ಟೇ ಆಳ ನಷ್ಟ. ಕಾಯಿಲ್ ನೆಲಕ್ಕೆ ಸಮಾನಾಂತರವಾಗಿರಲಿ, ಬೀಸಿನ ಎರಡೂ ತುದಿಯಲ್ಲಿ ಮೇಲೇಳದಿರಲಿ. ಪ್ರತಿ ಬೀಸು ಹಿಂದಿನದರ ಅರ್ಧವನ್ನು ಮುಚ್ಚಬೇಕು. ನಿಧಾನವಾಗಿ, ಕಸ ಗುಡಿಸುವಷ್ಟು ಅವಸರವೂ ಇಲ್ಲದೆ.

ಆಳದ ನಾಣ್ಯ ಕೂಗುವುದಿಲ್ಲ. ಚಿಕ್ಕದಾದ, ದುಂಡನೆಯ, ಪಿಸುಗುಟ್ಟಿದಂಥ ಸದ್ದು. ಅಂಕಿ ಒಂದೆಡೆ ನಿಲ್ಲುವುದಿಲ್ಲ. ಮೂರು ಪರೀಕ್ಷೆ ಮಾಡಿ. ಎಡದಿಂದಲೂ ಬಲದಿಂದಲೂ ಅದೇ ಜಾಗದಲ್ಲಿ ಸದ್ದು ಬರುತ್ತದೆಯೇ? ನೀವು ಕಾಲುಸುತ್ತು ತಿರುಗಿ ನಿಂತು ಬೀಸಿದರೂ ಉಳಿಯುತ್ತದೆಯೇ? ಮೊಳೆಯಾದರೆ ಇಲ್ಲಿ ಸದ್ದು ಒಡೆಯುತ್ತದೆ ಇಲ್ಲವೇ ಪಕ್ಕಕ್ಕೆ ಸರಿಯುತ್ತದೆ. ಕಾಯಿಲ್ಲನ್ನು ಹತ್ತು ಸೆಂ.ಮೀ. ಎತ್ತಿದರೆ ಮಾಯವಾಗುತ್ತದೆಯೇ? ಎತ್ತಿದ ಮೇಲೂ ಜೋರಾಗಿಯೇ ಇದ್ದರೆ ಅದು ಬಹುಶಃ ಬಿಯರ್ ಡಬ್ಬಿ.

ನಾಣ್ಯದ ಗಾತ್ರವೂ ನೆನಪಿರಲಿ. 1797ರ ತಾಮ್ರದ ‘ಕಾರ್ಟ್‌ವೀಲ್’ ಪೆನ್ನಿ 36 ಮಿ.ಮೀ. ಅಗಲ, 28 ಗ್ರಾಂ ತೂಕ. ಆಳದಿಂದಲೂ ಗಟ್ಟಿಯಾಗಿ ಕೇಳುತ್ತದೆ. ಇಂಗ್ಲೆಂಡಿನ ಮಧ್ಯಯುಗದ ದೊರೆ ಮೊದಲ ಎಡ್ವರ್ಡ್ ಕಾಲದ ಬೆಳ್ಳಿ ಪೆನ್ನಿ ಸುಮಾರು 1.4 ಗ್ರಾಂ, ಕಾಗದದಷ್ಟೇ ತೆಳು ಎನಿಸುವಂಥದ್ದು. ಅದು ಅಂಚಿನ ಮೇಲೆ ನಿಂತಿದ್ದರೆ ಒಳ್ಳೆಯ ಯಂತ್ರವೂ ದಾಟಿಹೋಗಬಹುದು. ಅದಕ್ಕೇ ಒಂದೇ ಹೊಲವನ್ನು ಅಡ್ಡಡ್ಡ, ಉದ್ದುದ್ದ ಎರಡು ಸಲ ನೋಡಬೇಕು.

ಅಗೆಯುವುದು, ನಿಲ್ಲಿಸುವುದು

ಹುಲ್ಲಿನ ನೆಲದಲ್ಲಿ 20 ಸೆಂ.ಮೀ. ಚೌಕದ ಮೂರು ಬದಿ ಮಾತ್ರ ಸನಿಕೆಯಿಂದ ಕತ್ತರಿಸಿ, ನಾಲ್ಕನೆಯ ಬದಿಯನ್ನು ಕೀಲಿನಂತೆ ಬಿಟ್ಟು ಹುಲ್ಲುಹಾಸನ್ನು ಮಡಚಿ. ಸದ್ದಿನ ನಟ್ಟನಡುವೆ ಸನಿಕೆ ಇಳಿಸಿದರೆ ನಾಣ್ಯಕ್ಕೆ ಗಾಯ ಗ್ಯಾರಂಟಿ. ಮಣ್ಣನ್ನು ತಾಡಪಾಲಿನ ಮೇಲೆ ಹಾಕುತ್ತಾ ಗುಂಡಿಯನ್ನೂ ಗುಪ್ಪೆಯನ್ನೂ ಕೈಯಲ್ಲಿ ಹಿಡಿಯುವ ಪುಟ್ಟ ಡಿಟೆಕ್ಟರ್ ಆದ ಪಿನ್‌ಪಾಯಿಂಟರ್‌ನಿಂದ ಪರೀಕ್ಷಿಸಿ. ನಾಣ್ಯ ಸಿಕ್ಕಮೇಲೂ ಇನ್ನೊಮ್ಮೆ ಕಾಯಿಲ್ ಆಡಿಸಿ, ಜೊತೆಗಾರ ಇರಬಹುದು.

ಉಳುಮೆಯಿಂದ ಕದಡಿದ ಪದರ ಮುಗಿದು ಗಟ್ಟಿ, ಬೇರೆ ಬಣ್ಣದ ಮಣ್ಣು ಬಂದರೆ ಕೈ ಬಿಡಿ. ಅಲ್ಲಿಂದ ಕೆಳಗೆ ಪ್ರತಿ ಪದರವೂ ಪುರಾತತ್ವಜ್ಞರಿಗೆ ಸಾಕ್ಷ್ಯ. 2010ರಲ್ಲಿ ಸಾಮರ್‌ಸೆಟ್‌ನ ಫ್ರೋಮ್ ಬಳಿ ಡೇವ್ ಕ್ರಿಸ್ಪ್ ಎಂಬ ಹವ್ಯಾಸಿ ಮಡಕೆಯೊಂದರ ಮೇಲ್ಭಾಗ ಕಂಡೊಡನೆ ಅಗೆತ ನಿಲ್ಲಿಸಿ ತಜ್ಞರನ್ನು ಕರೆದರು. ಒಳಗಿದ್ದದ್ದು 52,503 ರೋಮನ್ ನಾಣ್ಯ. ಅವನ್ನು ಪದರ ಪದರವಾಗಿ ತೆಗೆದದ್ದರಿಂದ ಯಾವ ಕಾಲದ ನಾಣ್ಯ ಮಡಕೆಯ ಯಾವ ಎತ್ತರದಲ್ಲಿತ್ತು ಎಂಬುದು ದಾಖಲಾಯಿತು. ಇನ್ನು ಬಾಂಬು, ಶೆಲ್ ಥರದ್ದು ಕಂಡರೆ ಮುಟ್ಟದೆ ದೂರ ಸರಿದು ತುರ್ತು ಸಂಖ್ಯೆ 999ಕ್ಕೆ ಕರೆಮಾಡಿ.

ಸಿಕ್ಕ ಮೇಲೆ

ಬೆರಳಿನಿಂದ ಉಜ್ಜಬೇಡಿ, ಅಂಟಿದ ಮರಳೇ ಬೆಳ್ಳಿಯನ್ನು ಗೀರುತ್ತದೆ. ಕಂಚು, ತಾಮ್ರದ ಹಸಿರು ಪದರ ಕೆರೆದರೆ ಅಕ್ಷರಗಳೂ ಅದರ ಜೊತೆಗೇ ಹೋಗುತ್ತವೆ. ಒಂದೊಂದನ್ನೂ ಬೇರೆ ಪುಟ್ಟ ಚೀಲದಲ್ಲಿಟ್ಟು, ಜಿಪಿಎಸ್ ನೋಡಿ ಅದು ಸಿಕ್ಕ ಜಾಗದ ಎಂಟು ಅಂಕಿಯ ಗ್ರಿಡ್ ಸಂಖ್ಯೆ (ಬ್ರಿಟಿಷ್ ನಕ್ಷೆಯ ಸ್ಥಳಸೂಚಿ) ಬರೆಯಿರಿ. 300 ವರ್ಷಕ್ಕಿಂತ ಹಳೆಯ, ಕನಿಷ್ಠ ಶೇ 10ರಷ್ಟು ಚಿನ್ನ ಅಥವಾ ಬೆಳ್ಳಿಯಿರುವ ಎರಡು ನಾಣ್ಯ ಒಟ್ಟಿಗೆ ಸಿಕ್ಕರೆ, 1996ರ ಟ್ರೆಷರ್ ಆಕ್ಟ್ ಪ್ರಕಾರ 14 ದಿನದೊಳಗೆ ವರದಿ ಮಾಡಲೇಬೇಕು. ತಾಮ್ರ, ಕಂಚಿನಂಥವಾದರೆ ಹತ್ತು ನಾಣ್ಯ ಸೇರಬೇಕು. ಒಂಟಿ ನಾಣ್ಯಕ್ಕೆ ಸಾಮಾನ್ಯವಾಗಿ ಈ ಕಡ್ಡಾಯವಿಲ್ಲ. ಆದರೂ ಜನರಿಗೆ ಸಿಕ್ಕ ಹಳೆ ವಸ್ತುಗಳನ್ನು ದಾಖಲಿಸುವ ಪೋರ್ಟಬಲ್ ಆಂಟಿಕ್ವಿಟೀಸ್ ಸ್ಕೀಮ್‌ನ ಸ್ಥಳೀಯ ಅಧಿಕಾರಿಗೆ ತೋರಿಸಿ. ನಾಣ್ಯ ಗುರುತಿಸಿ, ದಾಖಲಿಸಿ, ಮರಳಿ ಕೊಡುತ್ತಾರೆ.