ಬಿಗಿದ ಸ್ನಾಯುವಿಗೆ ನೆರವಿನ ಹಿಗ್ಗಿಸುವಿಕೆ: ಮಸಾಜ್ ಮಾಡುವವರಿಗೆ ಕೆಲವು ಸೂಚನೆಗಳು

ನೋಯುತ್ತಿರುವ ಸ್ನಾಯುವನ್ನು ರಭಸದಿಂದ ಎಳೆದರೆ ಅದು ಸಡಿಲಗೊಳ್ಳುವ ಬದಲು ಇನ್ನಷ್ಟು ಬಿಗಿಯುತ್ತದೆ. ಸ್ನಾಯುವಿನೊಳಗೆ ಅದರ ಉದ್ದವನ್ನೂ ಹಿಗ್ಗುವ ವೇಗವನ್ನೂ ಗ್ರಹಿಸುವ ಸೂಕ್ಷ್ಮ ಸಂವೇದಕಗಳಿವೆ. ಹಠಾತ್ ಎಳೆತವನ್ನು ಅವು ಬೆನ್ನುಹುರಿಗೆ ತಿಳಿಸಿದ ಕೂಡಲೇ ಅದೇ ಸ್ನಾಯು ಸಂಕುಚಿಸುವಂತೆ ಆದೇಶ ಮರಳುತ್ತದೆ. ಈ ಕಾರಣಕ್ಕೆ ನಿಧಾನವೇ ಇಲ್ಲಿ ಮೊದಲ ನಿಯಮ.

ಮೊದಲು ಆ ಭಾಗವನ್ನು ಕೆಲವು ನಿಮಿಷ ಅಂಗೈಯಿಂದ ನೀವಿ ಬೆಚ್ಚಗಾಗಿಸಬೇಕು. ತೊಡೆಯ ಹಿಂಭಾಗದ ಬಿಗಿತಕ್ಕಾದರೆ, ವ್ಯಕ್ತಿಯನ್ನು ಅಂಗಾತ ಮಲಗಿಸಿ, ಒಂದು ಕೈಯಿಂದ ಹಿಮ್ಮಡಿಯನ್ನು ಆಧರಿಸಿ, ಇನ್ನೊಂದನ್ನು ಮಂಡಿಯ ತುಸು ಮೇಲೆ ತೊಡೆಯ ಮುಂಭಾಗದಲ್ಲಿ ಹಗುರವಾಗಿ ಇರಿಸಿ, ಕಾಲನ್ನು ನೇರವಾಗಿ ಮೇಲಕ್ಕೆತ್ತಬೇಕು. ಸೆಳೆತ ಮೊದಲು ಅನುಭವಕ್ಕೆ ಬಂದಲ್ಲೇ ನಿಲ್ಲಬೇಕು. ಅಲ್ಲಿ ಅವರು ತಮ್ಮ ಬಲದ ಸುಮಾರು ಐದನೇ ಒಂದು ಭಾಗವನ್ನಷ್ಟೇ ಬಳಸಿ ಹಿಮ್ಮಡಿಯನ್ನು ನಿಮ್ಮ ಕೈಗೆ ಒತ್ತಲಿ. ನೀವು ಕಾಲು ಅಲುಗದಂತೆ 5ರಿಂದ 10 ಸೆಕೆಂಡು ತಡೆಹಿಡಿಯಿರಿ. ಬಳಿಕ ಅವರು ಉಸಿರು ಬಿಡುತ್ತಾ ಪೂರ್ತಿ ಸಡಿಲಗೊಂಡಾಗ, ಕಾಲನ್ನು ಹೊಸ ಮಿತಿಯವರೆಗೆ ಮಾತ್ರ ಒಯ್ದು 15ರಿಂದ 30 ಸೆಕೆಂಡು ಹಾಗೆಯೇ ಇರಿಸಬೇಕು. ಹೀಗೆ ಮೂರು ಬಾರಿ ಮಾಡಿದರೆ ಸಾಕು. ಪೂರ್ಣ ಬಲದಿಂದ ಒತ್ತಲು ಹೇಳುವವರಿದ್ದಾರೆ. ನೋವಿರುವ ಸ್ನಾಯುವಿನ ವಿಷಯದಲ್ಲಿ ನಾನು ಅದನ್ನು ಒಪ್ಪುವುದಿಲ್ಲ, ಏಕೆಂದರೆ ಬಲ ಹೆಚ್ಚಿದಷ್ಟೂ ಸೊಂಟ ಮತ್ತು ಕತ್ತು ಸೆಟೆದುಕೊಂಡು ಉಸಿರು ಕಟ್ಟುತ್ತದೆ.

ಬಿಗಿಸಿ ಸಡಿಲಿಸುವ ಈ ಕ್ರಮದ ಬೇರು 1940ರ ದಶಕದಲ್ಲಿ ಅಮೆರಿಕದ ವೈದ್ಯ ಹರ್ಮನ್ ಕ್ಯಾಬಟ್ ನರಸಂಬಂಧಿ ದೌರ್ಬಲ್ಯವಿದ್ದವರಿಗಾಗಿ ರೂಪಿಸಿದ ಚಿಕಿತ್ಸೆಯಲ್ಲಿದೆ. ಒಂದೇ ಸಲಕ್ಕೆ ಚಲನೆಯ ವ್ಯಾಪ್ತಿ ಹೆಚ್ಚಿದಂತೆ ಕಂಡರೆ ಸ್ನಾಯು ಉದ್ದವಾಗಿಬಿಟ್ಟಿತೆಂದು ಭಾವಿಸಬಾರದು. ಸೆಳೆತವನ್ನು ತಾಳಿಕೊಳ್ಳುವ ಶಕ್ತಿ ಹೆಚ್ಚಿರುವುದೇ ಅದಕ್ಕೆ ಬಹುಮಟ್ಟಿಗೆ ಕಾರಣ. ಆದ್ದರಿಂದ ವಾರದಲ್ಲಿ ಹಲವು ದಿನ ಅಭ್ಯಾಸ ಮುಂದುವರಿಸದೆ ಫಲ ಉಳಿಯುವುದಿಲ್ಲ.

ಮೀನಖಂಡಕ್ಕೂ ಇದೇ ಕ್ರಮ ಸಲ್ಲುತ್ತದೆ: ಮಂಡಿ ನೇರವಾಗಿದ್ದಾಗ ಮೇಲ್ಪದರದ ಸ್ನಾಯು ಹೆಚ್ಚು ಹಿಗ್ಗುತ್ತದೆ, ಮಂಡಿ ಮಡಚಿದಾಗ ಎಳೆತ ಒಳಪದರಕ್ಕೆ ಸರಿಯುತ್ತದೆ. ಕತ್ತಿನ ಪಕ್ಕದ ಸ್ನಾಯುಗಳಿಗೆ ತಲೆಯನ್ನು ಎಂದೂ ಎಳೆಯದೆ, ಭುಜವನ್ನು ಮೃದುವಾಗಿ ಕೆಳಕ್ಕೆ ಒತ್ತುವುದು ಕ್ಷೇಮ.

ಸ್ನಾಯುವಿನ ಸೆಳೆತ ಅದರ ನಡುಭಾಗದಲ್ಲಿ ಮಂದವಾಗಿ ಹರಡಿದಂತಿರುತ್ತದೆ. ಅದರ ಬದಲು ಜುಮ್ಮೆನ್ನುವುದು, ಉರಿ, ಮರಗಟ್ಟುವಿಕೆ ಅಥವಾ ಪಾದದವರೆಗೆ ಮಿಂಚಿದಂಥ ನೋವು ಕಂಡರೆ ಎಳೆತ ನರಕ್ಕೆ ತಗುಲಿರಬಹುದು. ತಕ್ಷಣ ಕಾಲನ್ನು ಇಳಿಸಿ. ಕೀಲಿನೊಳಗೆ ಚುಚ್ಚಿದಂತಾದರೂ ಮುಂದುವರಿಸಬಾರದು. ಹೊಸ ಸ್ನಾಯು ಹರಿತ, ಮೂಳೆ ಮುರಿತ, ತೀವ್ರ ಮೂಳೆಸವೆತ, ಕೀಲು ಅತಿಯಾಗಿ ಬಾಗುವ ಪ್ರಕೃತಿ ಅಥವಾ ಇತ್ತೀಚಿನ ಶಸ್ತ್ರಚಿಕಿತ್ಸೆ ಇದ್ದವರಿಗೆ ವೈದ್ಯರ ಅಥವಾ ಫಿಸಿಯೋಥೆರಪಿಸ್ಟರ ಅನುಮತಿಯಿಲ್ಲದೆ ಇದನ್ನು ಮಾಡಕೂಡದು. ಒಂದೇ ಕಾಲಿನ ಮೀನಖಂಡ ಊದಿ, ಬಿಸಿಯಾಗಿ, ನೋಯುತ್ತಿದ್ದರೆ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರುವ ಸಾಧ್ಯತೆಯಿದೆ. ಅಲ್ಲಿ ಮಸಾಜ್‌ಗೂ ಕೈಹಾಕದೆ ಅವರನ್ನು ಕೂಡಲೇ ಆಸ್ಪತ್ರೆಗೆ ಕಳುಹಿಸಬೇಕು.